ಜೋಡಿಮನೆಯ ರೈಟ್ರು

ನಮ್ಮ ಮನೆಯ ಉತ್ತರಕ್ಕೆ ಬೀದಿ, ದಕ್ಷಿಣಕ್ಕೆ ಗಟಾರ, ಪಶ್ಚಿಮಕ್ಕೆ ಎಣ್ಣೆಯ ಗಾಣ, ಪೂರ್ವಕ್ಕೆ ಅವರು. ಒಬ್ಬ ಗೌರವಸ್ಥರನ್ನು ಹೀಗೆ ಗಟಾರ ಗಾಣಗಳ ಪಂಕ್ತಿಯಲ್ಲಿ ಕೂಡಿಸಿ ಪರಿಚಯ ಮಾಡಿಕೊಡುವುದು ಮರ್ಯಾದೆಯಲ್ಲ ಎಂಬುದು ನನಗೂ ಗೊತ್ತು. ಆದರೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಅವರೇ ಒಪ್ಪುತ್ತಿರಲಿಲ್ಲ. ಬಳ್ಳಾರಿಯಲ್ಲಿ ನೋಂದಣಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು, ಮುಕ್ಕಾಲು ಊರಿನ ಮನೆಗಳಿಗೆ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಎಂದು ಬರೆದುಕೊಟ್ಟವರು ಅವರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಮಕ್ಕಳಿಲ್ಲದವರ ಮರಣಶಾಸನ, ಇವೇ ಅವರ ಕಸುಬು. ಜನ ಅವರನ್ನು ರೈಟ್ರು ಎನ್ನುತ್ತಿದ್ದರು. ಹೆಸರೂ ಇತ್ತು. ಅದು ಸಾವಿರಾರು ಪತ್ರಗಳ ಕಟ್ಟಕಡೆಯ ಸಾಲಿನಲ್ಲಿ ಭದ್ರವಾಗಿದೆ. ಇಲ್ಲಿಗೂ ಎಳೆದು ತರಬೇಕಾದ ಅಗತ್ಯ ಕಾಣೆ.

ಅವರು ಹೋದ ತಿಂಗಳು ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ನಮ್ಮ ಜಗಲಿಯ ಮೇಲೆ ಕೂತ ಹಿರಿಯರೆಲ್ಲ ಅವರ ಅಕ್ಷರವನ್ನು ಹೊಗಳಿದರು. ಅಕ್ಷರ ಹೊಗಳುವಂಥದೇ. ಕನ್ನಡ ತೆಲುಗು ಎರಡರಲ್ಲೂ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಆದರೆ ನನಗೆ ಅವರೆಂದರೆ ಕಣ್ಣಮುಂದೆ ಬರುವುದು ಕೈ ಅಲ್ಲ, ಕಾಲು. ಮೊಣಕಾಲಿನತನಕ ಕೆಸರು ಮೆತ್ತಿಕೊಂಡ, ತೆಳ್ಳನೆಯ, ಕೊಕ್ಕರೆಯಂಥ ಎರಡು ಕಾಲು.

ನಮ್ಮದು ಜೋಡಿಮನೆ. ಒಂದೇ ತಳಪಾಯ, ಮೇಲೆ ಮಣ್ಣು ಹಾಸಿದ ಒಂದೇ ಉದ್ದನೆಯ ಚಪ್ಪಟೆ ಮಾಳಿಗೆ, ನಡುವೆ ಒಂದು ಗೋಡೆ. ಮೊದಲು ಅದು ಇಬ್ಬರು ಅಣ್ಣತಮ್ಮಂದಿರ ಒಂದೇ ಮನೆ. ಅವರಿಬ್ಬರೂ ಬೇರೆಯಾದಾಗ ನಡುಗೋಡೆ ಎದ್ದಿತು. ಅಣ್ಣನ ಪಾಲನ್ನು ನಮ್ಮ ಅಪ್ಪ ಕೊಂಡುಕೊಂಡರು. ತಮ್ಮನ ಪಾಲು ಕೆಲವು ವರ್ಷ ಬಾಡಿಗೆಯವರಿಗೆ, ಆಮೇಲೆ ಹಂದಿಗಳಿಗೆ, ಕೊನೆಗೆ ಗೆದ್ದಲಿಗೆ ಆಶ್ರಯವಾಗಿತ್ತು. ಯುದ್ಧ ಮುಗಿದ ವರ್ಷ ಅದನ್ನು ರೈಟ್ರು ಕೊಂಡರು. ಅಣ್ಣತಮ್ಮಂದಿರ ವಿಭಾಗಪತ್ರ ಬರೆದವರೂ ಅವರೇ, ಅಪ್ಪನ ಕ್ರಯಪತ್ರ ಬರೆದವರೂ ಅವರೇ, ಈಗ ತಮ್ಮ ಪತ್ರವನ್ನೂ ತಾವೇ ಬರೆದುಕೊಂಡರು. ಅಪ್ಪ ಆ ಹೊತ್ತಿಗೆ ಇರಲಿಲ್ಲ. ಮನೆಯಲ್ಲಿ ಅವ್ವ, ಮತ್ತು ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿ ಘನತೆ ಗಳಿಸುತ್ತಿದ್ದ ನಾನು.

ಊರಿಗೆಲ್ಲ ಮನೆ ಬರೆದುಕೊಟ್ಟ ಮನುಷ್ಯನಿಗೆ ಐವತ್ತು ವರ್ಷದವರೆಗೆ ಸ್ವಂತ ಮನೆ ಇರಲಿಲ್ಲ. ಸಿರುಗುಪ್ಪದಲ್ಲಿ ನಾಲ್ಕು, ಬಳ್ಳಾರಿಯಲ್ಲಿ ಐದು, ಒಟ್ಟು ಒಂಬತ್ತು ಬಾಡಿಗೆ ಮನೆ. ಒಂಬತ್ತೂ ಸೋರಿದವು. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಆಕೆ ಪ್ರತಿ ಮಳೆಗಾಲ ತಪ್ಪಲೆ, ಗಂಗಾಳ, ಚರಿಗೆ ಎಲ್ಲವನ್ನೂ ಹನಿ ಬೀಳುವ ಕಡೆಗೆ ಇಟ್ಟು ಅಡಿಗೆಗೆ ಪಾತ್ರೆ ಇಲ್ಲದೆ ಕೂಡುತ್ತಿದ್ದರಂತೆ. ಒಂಬತ್ತನೆಯ ಮನೆಯಲ್ಲಿ ಹಾಸಿಗೆಯ ಮೇಲೆಯೇ ಒಂದು ಬುಟ್ಟಿ ಮಣ್ಣು ಬಿದ್ದ ದಿನ ಎದ್ದು ಕುರುಗೋಡಿನ ಅಣ್ಣನ ಮನೆಗೆ ಹೊರಟರು. ಹೋಗುವಾಗ ಆಡಿದ ಮಾತನ್ನು ರೈಟ್ರು ದಸ್ತಾವೇಜಿನ ಒಕ್ಕಣೆಯಂತೆ ಒಂದಕ್ಷರ ಬಿಡದೆ ನಮ್ಮ ಅವ್ವನಿಗೆ ಒಪ್ಪಿಸಿದ್ದರು:

"ಒಂಬತ್ತು ಮನಿ ಒರಸೀನಿ. ಹತ್ತನೇದು ಒರಸಂಗಿಲ್ಲ. ಸೋರಲಾರದ ಮನಿ ಆತು ಅಂದ್ರ ಹೇಳಿ ಕಳಸ್ರಿ, ಬರ್ತೀನಿ. ಅಲ್ಲೀತನಕ ನಾ ಅಣ್ಣನ ಮನಿಯಾಗ ಇರ್ತೀನಿ."

"ಸಿಟ್ಟಿನಾಗ ಅಂದಿರಬೇಕು ಬಿಡ್ರಿ," ಎಂದಳು ಅವ್ವ.

"ಇಲ್ರಮ್ಮ. ಸಿಟ್ಟಿನಾಗ ಅಂದಿದ್ರ ನಾ ಹೆದರತಿದ್ದಿಲ್ಲ. ತಣ್ಣಗ ಅಂದ್ಲು."

ಹೀಗೆ ಕೊಂಡ ಮನೆ ಅದು. ಮೊದಲು ಅವರು ಗೌಂಡಿಗಳನ್ನೇ ಕರೆಸಿದರು. ಒಬ್ಬ ಬಂದು ಗೋಡೆಗೆ ಬೆರಳು ಚುಚ್ಚಿ, ಬೆರಳು ಒಳಗೇ ಹೋದದ್ದನ್ನು ನೋಡಿ, "ಕೆಡವಿಬಿಡ್ರಿ" ಎಂದ. ಇನ್ನೊಬ್ಬ ಒಳಗೂ ಬರಲಿಲ್ಲ. ಬೀದಿಯಲ್ಲೇ ನಿಂತು, "ರೈಟ್ರೆ, ಇದಕ್ಕ ಬೇಕಾಗಿರೋದು ಗೌಂಡಿ ಅಲ್ಲ, ಬೆಂಕಿ ಪೆಟ್ಟಿಗಿ" ಎಂದು ಹೇಳಿ ಬೀಡಿ ಹಚ್ಚಿಕೊಂಡು ಹೋದ. ಯುದ್ಧ ಮುಗಿದಿತ್ತೇ ಹೊರತು ಸಿಮೆಂಟು ಇನ್ನೂ ಬಂದಿರಲಿಲ್ಲ. ಪರ್ಮಿಟ್ಟಿಗೆ ಅರ್ಜಿ ಹಾಕಿದವರು ಮೊಮ್ಮಕ್ಕಳ ಕಾಲಕ್ಕೆ ಕಾಯುತ್ತಿದ್ದರು.

ರೈಟ್ರು ಎರಡು ದಿನ ಯೋಚನೆ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಅವರ ಅಂಗಳದಲ್ಲಿ ಪಚಪಚ ಸದ್ದು ಕೇಳಿ ನಾನು ಇಣುಕಿದೆ. ತಲೆಗೆ ಕಚೇರಿಯ ರುಮಾಲು, ಹಣೆಗೆ ವಿಭೂತಿ, ಮೈಗೆ ಕರಿಯ ಕೋಟು, ಧೋತರ ಮಾತ್ರ ಮೇಲಕ್ಕೆ ಕಟ್ಟಿ, ಮಣ್ಣಿನ ಗುಂಡಿಯಲ್ಲಿ ನಿಂತು ತುಳಿಯುತ್ತಿದ್ದಾರೆ.

"ಏನ್ರೀ ಇದು, ರೈಟ್ರೆ?"

"ಇದೇ ಮನಿಗಿ 'ಸದರಿ ಮನೆಯು ಸುಸ್ಥಿತಿಯಲ್ಲಿರುತ್ತದೆ' ಅಂತ ಈ ಕೈಲೇ ಬರದೀನಪಾ ತಮ್ಮಾ. ಬರದ ಮಾತು ಖರೇ ಮಾಡಬೇಕಲ್ಲ."

"ಕೋಟಾದರೂ ಬಿಚ್ಚಿಡ್ರಿ."

"ಕೋಟು ಬೇಕಾಗತೈತಿ," ಎಂದರು. ಏತಕ್ಕೆ ಎಂದು ನಾನು ಕೇಳಲಿಲ್ಲ. ಕಚೇರಿಯ ಗಾಂಭೀರ್ಯ ಕೆಸರಿನಲ್ಲೂ ಕೆಡಬಾರದು ಎಂಬ ಮನಸ್ಸಿರಬೇಕು ಎಂದುಕೊಂಡೆ.

ಅಂದಿನಿಂದ ಎರಡು ವರ್ಷ, ಬೆಳಗಿನ ಆರರಿಂದ ಹತ್ತರವರೆಗೆ ಮನೆ, ಹನ್ನೊಂದಕ್ಕೆ ಬೇವಿನ ಮರ. ಕೆಲಸ ಅವರಿಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಯಾರು ಬೀದಿಯಲ್ಲಿ ಹೋದರೂ ನಿಲ್ಲಿಸಿ, ಕೈಮುಗಿದು, "ಸ್ವಾಮಿ, ಇದು ಹದಕ್ಕ ಬಂದೈತೇನು ನೋಡ್ರಿ" ಎಂದು ಕೆಸರಿನ ಉಂಡೆ ತೋರಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಕೆಸರಿನ ವಿಷಯಕ್ಕೆ ಅಷ್ಟೊಂದು ಪಂಡಿತರಿದ್ದಾರೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಕಕ್ಷಿದಾರರು ಮನೆಗೇ ಹುಡುಕಿಕೊಂಡು ಬಂದರೆ ಅವರಿಗೂ ವಿನಾಯಿತಿ ಇರುತ್ತಿರಲಿಲ್ಲ. ಒಮ್ಮೆ ಬಾದನಹಟ್ಟಿಯ ಇಬ್ಬರು ದಾಯಾದಿಗಳು ಮನೆ ಪಾಲು ಮಾಡಿಸಲು ಬಂದರು. ರೈಟ್ರು ಇಬ್ಬರನ್ನೂ ಗುಂಡಿಗೆ ಇಳಿಸಿದರು. ಇವರು ದಡದ ಮೇಲೆ ಕೂತು ತಕರಾರು ಕೇಳುತ್ತಾ ಹೋದರು, ಅವರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಬೈಯುತ್ತಾ ತುಳಿಯುತ್ತಾ ಹೋದರು. ಎರಡು ತಾಸಿನಲ್ಲಿ ಕೆಸರು ಹದವಾಯಿತು. ದಾಯಾದಿಗಳು ಆಗಲಿಲ್ಲ.

ನಡುಗೋಡೆಯ ವಿಷಯದಲ್ಲಿ ಅವರ ಶಿಷ್ಟಾಚಾರ ಹೇಳತೀರದು. ಅತ್ತ ಒಂದು ಮೊಳೆ ಹೊಡೆಯಬೇಕಾದರೂ ಬೀದಿಗೆ ಇಳಿದು, ನಮ್ಮ ಮೆಟ್ಟಿಲು ಹತ್ತಿ, ಹೊಸ್ತಿಲಾಚೆ ನಿಂತು, "ಅಮ್ಮಾ, ನಡುಗೋಡಿಗಿ ಒಂದು ಮೊಳೆ ಹೊಡೀಬೇಕಂತ ಅದೀನಿ. ಅಪ್ಪಣೆ ಆಗಬೇಕು" ಎನ್ನುವರು.

"ನಿಮ್ಮ ಕಡಿ ಗೋಡಿ, ಹೊಡಕೋರಿ. ನನ್ನ ಏನು ಕೇಳ್ತೀರಿ?"

"ಈ ಗೋಡಿಗಿ ಕಡಿ ಅಂತ ಇಲ್ರಮ್ಮ. ಉಭಯತ್ರರ ಜಂಟಿ ಗೋಡಿ ಅಂತ ಕಾಗದದಾಗ ಐತಿ."

ಕಾಗದದಾಗ ಐತಿ ಎಂದರೆ ಮುಗಿಯಿತು. ಅದರ ಮುಂದೆ ಮಾತಿಲ್ಲ. ಅವ್ವ ಅಪ್ಪಣೆ ಕೊಡುವಳು. ಅವರು ತಿರುಗಿ ಹೋಗಿ ಮೊಳೆ ಹೊಡೆಯುವರು. ನಮ್ಮ ಕಡೆಯ ಗೋಡೆಯಿಂದ ಒಂದು ಸೇರು ಮಣ್ಣು ರೊಟ್ಟಿಯ ಹಂಚಿಗೆ ಬೀಳುವುದು.

ಆದರೆ ಒನಕೆಯ ಪ್ರಕರಣಕ್ಕೆ ಅಪ್ಪಣೆ ಪಡೆದಿರಲಿಲ್ಲ. ಪಡಸಾಲೆಯ ತೊಲೆಯೊಂದು ಗೆದ್ದಲು ತಿಂದು ಟೊಳ್ಳಾಗಿತ್ತು. ಅದನ್ನು ಕೀಳುವಾಗ ಪಕ್ಕದ ತೊಲೆಯೂ ಜಗ್ಗತೊಡಗಿತು. ಕೈಗೆ ಸಿಕ್ಕದ್ದನ್ನು ಆನಿಸಬೇಕು, ಇಲ್ಲದಿದ್ದರೆ ಮಾಳಿಗೆ ತಲೆಯ ಮೇಲೆ. ಆ ಕ್ಷಣಕ್ಕೆ ಕೈಗೆ ಸಿಕ್ಕದ್ದು, ಹಿತ್ತಲಲ್ಲಿ ಅವ್ವ ಖಾರ ಕುಟ್ಟಿ ಗೋಡೆಗೆ ಒರಗಿಸಿದ್ದ ಒನಕೆ. ಒಂದು ಕಲ್ಲಿನ ಮೇಲೆ ಅದನ್ನು ನಿಲ್ಲಿಸಿ ತೊಲೆಗೆ ಆನಿಸಿಬಿಟ್ಟರು. ಹೊಸ ತೊಲೆಗೆ ಬೇವಿನ ಮರ ಸಿಕ್ಕಿ, ಒಣಗಿ, ಮೇಲೇರುವುದಕ್ಕೆ ಮೂರು ತಿಂಗಳು. ಅಷ್ಟು ದಿನವೂ ಅವ್ವ ಬೆಳಿಗ್ಗೆ ಎದ್ದವಳೇ ಗೋಡೆಯ ಕಡೆಗೆ ಬಾಯಿ ಮಾಡಿ ಕೂಗುವಳು:

"ರೈಟ್ರೆ, ನನ್ನ ಒನಕಿ!"

ಆ ಕಡೆಯಿಂದ ಅಷ್ಟೇ ಗಂಭೀರವಾದ ಉತ್ತರ:

"ಅಮ್ಮಾ, ನಿಮ್ಮ ಒನಕಿ ಮ್ಯಾಲೆ ನನ್ನ ಸಂಸಾರ ನಿಂತೈತಿ. ಈಗ ತೆಗಿಯಾಕ ಬರಂಗಿಲ್ಲ."

ಆ ವರ್ಷ ನಾವು ಅಂಗಡಿಯ ಖಾರ ತಿಂದೆವು.

ಮಾಳಿಗೆ ಮಾತ್ರ ಅವರನ್ನು ಅಳಿಸುವುದೊಂದು ಬಾಕಿ. ಮೊದಲನೆಯ ಬೇಸಿಗೆ ಹಳೆಯ ಮಣ್ಣನ್ನೆಲ್ಲ ಇಳಿಸಿ, ಸುತ್ತ ಸಿಗುವ ಎರೆಮಣ್ಣನ್ನೇ ಹೊತ್ತು ಹಾಕಿದರು. ಕಪ್ಪಗೆ, ನುಣ್ಣಗೆ, ನೋಡಲು ಬಹಳ ಚೆಂದ. ಬಿಸಿಲಿಗೆ ಅದು ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತು. ಮಳೆ ಬಂದಾಗ ಬಿರುಕಿನಲ್ಲಿ ನೀರು ಧಾರಾಳವಾಗಿ ಇಳಿಯಿತು. ಇಷ್ಟಕ್ಕೇ ನಿಲ್ಲಲಿಲ್ಲ. ಮಣ್ಣಿಗೆ ಬೆರೆಸಿದ ಹೊಟ್ಟಿನಲ್ಲಿ ಕಾಳು ಉಳಿದಿದ್ದವೋ ಏನೋ, ಹದಿನೈದು ದಿನದಲ್ಲಿ ಮಾಳಿಗೆಯ ತುಂಬ ಜೋಳ ಹುಟ್ಟಿತು. ಮೊಣಕಾಲೆತ್ತರದ ಹಸಿರು ಪೈರು ಗಾಳಿಗೆ ತೂಗುತ್ತಿದ್ದರೆ ಬೀದಿಯವರೆಲ್ಲ ಬಂದು ಕತ್ತೆತ್ತಿ ನೋಡಿ ಹೋದರು.

"ರೈಟ್ರೆ, ಎಳೀ ತೆನಿ ಸುಟ್ಟು ಸೀತನಿ ಯಾವಾಗ ತಿನಸ್ತೀರಿ?" ಎಂದಳು ಅವ್ವ. ಒನಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

ರೈಟ್ರು ನಗಲಿಲ್ಲ. ಆ ಅಮಾವಾಸ್ಯೆಗೆ ಅವರು ಕುರುಗೋಡಿಗೆ ಹೋಗಬೇಕಾಗಿತ್ತು. ತಿಂಗಳಿಗೊಮ್ಮೆ, ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಹೋಗಿ, ಭಾವಮೈದುನನ ಪಡಸಾಲೆಯಲ್ಲಿ ಕೂತು, ಬಾಗಿಲ ಹಿಂದೆ ನಿಂತ ಹೆಂಡತಿಗೆ ಕೇಳುವಂತೆ ಕೆಲಸ ಎಲ್ಲಿಗೆ ಬಂತು ಎಂದು ವರದಿ ಒಪ್ಪಿಸಿ ಬರುವುದು ಅವರ ವಾಡಿಕೆ. ಆ ಸಲ ಬಂದವರು ಎರಡು ದಿನ ಮಣ್ಣು ಮುಟ್ಟಲಿಲ್ಲ. ಮೂರನೆಯ ದಿನ ನಾನೇ ಕೇಳಿದೆ.

"ಏನಂದ್ರು?"

"ಏನೂ ಅನಲಿಲ್ಲ. ಜ್ವಾಳ ಹುಟ್ಟೈತಿ ಅಂತ ಹೇಳಿದೆ. ಒಳಗ ಹೋಗಿ ಒಂದು ಗಂಗಾಳ ಮಜ್ಜಿಗಿ ಕಳಿಸಿದ್ಲು. ಅದರಾಗ ಉಪ್ಪಿದ್ದಿಲ್ಲ."

ಇಷ್ಟನ್ನು ಹೇಳಿ ಏಣಿ ಹತ್ತಿ ಮಾಳಿಗೆಯ ಪೈರನ್ನು ಕೀಳಲು ಹೋದರು. ನಾನು ಜೀವಮಾನದಲ್ಲಿ ನೋಡಿದ ಸುಗ್ಗಿಗಳಲ್ಲಿ ಅಷ್ಟು ದುಃಖದ ಸುಗ್ಗಿ ಬೇರೊಂದಿಲ್ಲ.

ದಾರಿ ತೋರಿಸಿದವನು ಮೋಕದಿಂದ ಹಗರಿ ಹೊಳೆಯ ಮರಳು ತರುತ್ತಿದ್ದ ಬಂಡಿಯವನು. ಕಪ್ಪು ಮಣ್ಣನ್ನು ನೋಡಿ ಹಣೆ ಚಚ್ಚಿಕೊಂಡ. "ಎರಿ ಹೊಲಕ್ಕ ರೀ ಯಪ್ಪಾ. ಮಾಳಗಿಗಿ ಚೌಳು ಮಣ್ಣು ಹಾಕ್ತಾರ. ಅದರಾಗ ಉಪ್ಪಿರತೈತಿ. ಹುಲ್ಲು ಸೈತ ಹುಟ್ಟಂಗಿಲ್ಲ, ನೀರೂ ಕೆಳಗ ಇಳಿಯಂಗಿಲ್ಲ. ನಿಮಗ ಯಾರೂ ಹೇಳಲಿಲ್ಲೇನು?" ಕೆಸರಿನ ಪಂಡಿತರಿಂದ ತುಂಬಿದ ನಮ್ಮ ಬೀದಿಯಲ್ಲಿ ಯಾರೂ ಹೇಳಿರಲಿಲ್ಲ. ಎರಡನೆಯ ಬೇಸಿಗೆಗೆ ಬಂಡಿ ಬಂಡಿ ಚೌಳು ಬಂತು. ಪ್ರತಿ ಬಂಡಿಯಿಂದಲೂ ರೈಟ್ರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಪ್ಪಿನ ರುಚಿ ಹತ್ತಿದರೆ ಮಾತ್ರ ಇಳಿಸಿಕೊಳ್ಳುತ್ತಿದ್ದರು. ಮಣ್ಣು ಹಾಸಿದ ಮೇಲೆ ಬಡಿಗೆಯಿಂದ ತಟ್ಟಿ ತಟ್ಟಿ ಕೂಡಿಸಿದರು. ಆ ತಿಂಗಳು ಬೀದಿಯಲ್ಲಿ ಯಾರಿಗೂ ಬೆಳಗಿನ ನಿದ್ದೆ ಇರಲಿಲ್ಲ.

"ನಿಮ್ಮ ಕಡಿಗೂ ಇದನ್ನ ಎಳದುಬಿಡೋಣೇನು? ನೀನೂ ಬಾ ತಮ್ಮಾ, ಇಬ್ಬರೂ ಕೂಡಿ ಹದಿನೈದು ದಿನದ ಕೆಲಸ" ಎಂದು ನನ್ನನ್ನು ಕರೆದರು. ನಮ್ಮ ಕಡೆಯ ಮಾಳಿಗೆಯೂ ಸೋರುತ್ತಿತ್ತು. ಅವ್ವನ ಹಾಸಿಗೆ ಮಳೆಗಾಲದಲ್ಲಿ ಮನೆಯ ನಾಲ್ಕು ಮೂಲೆಗೂ ಪ್ರಯಾಣ ಮಾಡುತ್ತಿತ್ತು. ಆದರೆ ಗುಮಾಸ್ತನಾದವನು ಮಣ್ಣು ಹೊರುವುದೆಂದರೇನು? ಮುಂದಿನ ಬೇಸಿಗೆಗೆ ನೋಡೋಣ ಎಂದೆ. ಇದನ್ನು ಇಲ್ಲಿ ಬರೆಯುವುದು ನನಗೆ ಹಿತವಾದ ಕೆಲಸವಲ್ಲ. ಮುಂದೆ ಬರುವ ಸಂಗತಿಗೆ ಬೇಕೆಂದು ಬರೆದಿದ್ದೇನೆ.

ಆ ಬೇಸಿಗೆಯ ಕೊನೆಗೆ ಮನೆ ಮುಗಿಯಿತು. ಗೋಡೆ ನೆಟ್ಟಗಾಯಿತೆಂದು ಹೇಳಲಾರೆ, ಆದರೆ ನಿಂತಿತು. ಸುಣ್ಣ ಬಳಿದರು. ಬರುವ ಸೋಮವಾರ ಹೆಂಡತಿ ಬರುವುದೆಂದು ಗೊತ್ತಾಯಿತು. ಉಳಿದದ್ದು ಬೀದಿಯ ಕಡೆಗೆ ಒಂದು ಜಗಲಿ. ಅದಕ್ಕೆ ಮುನಿಸಿಪಾಲಿಟಿಗೆ ಅರ್ಜಿಯ ಜೊತೆ ನಕ್ಷೆಯೊಂದನ್ನು ಕೊಡಬೇಕಾಗಿತ್ತು. ಬುಧವಾರ ಬೆಳಿಗ್ಗೆ ನಾನು ಗಿರಣಿಗೆ ಹೊರಟಾಗ ರೈಟ್ರು ಕ್ರಯಪತ್ರವನ್ನು ಮುಂದೆ ಹರಡಿಕೊಂಡು ನಕ್ಷೆ ಬರೆಯುತ್ತಾ ಕೂತಿದ್ದರು. ಬರೆಯುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಎದ್ದು ಬೀದಿಯ ನಡುವೆ ಬಂದು ಮನೆಯ ಕಡೆಗೆ ಮುಖ ಮಾಡಿ ನಿಂತರು. ಎಡಗೈ ಎತ್ತಿ ನೋಡಿಕೊಂಡರು. ಆಮೇಲೆ ಒಳಗೆ ಹೋಗಿ, ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತು, ಮತ್ತೆ ಎಡಗೈ ಎತ್ತಿದರು. ಹೀಗೆ ಮೂರು ಸಲ. ಬಿಸಿಲು ತಲೆಗೇರಿರಬೇಕು ಎಂದುಕೊಂಡು ನಾನು ನಡೆದೆ.

ಸಂಜೆ ಅವರು ನಮ್ಮ ಮನೆಗೆ ಬಂದರು. ಚಾಪೆ ಹಾಸಿದರೂ ಅದರ ಮೇಲೆ ಕೂಡದೆ ಬರಿ ನೆಲದ ಮೇಲೆ ಕೂತರು. ಆ ದಿನ ಹಚ್ಚೊಳ್ಳಿಯಿಂದ ನಮ್ಮ ಸೋದರಮಾವನೂ ಬಂದಿದ್ದ. ಅವ್ವನ ತಮ್ಮ; ಅರ್ಧ ಆಯುಷ್ಯವನ್ನು ಕಾಲುವೆ ನೀರಿನ ವ್ಯಾಜ್ಯದಲ್ಲಿ ಕೋರ್ಟಿಗೆ ಅರ್ಪಿಸಿದವನು.

"ಅಮ್ಮಾ, ನನ್ನಿಂದ ಒಂದು ತಪ್ಪಾಗೇತಿ," ಎಂದರು ರೈಟ್ರು. "ಕಾಗದದ ಪ್ರಕಾರ ನಾ ಇರೋ ಮನಿ ನಿಮ್ಮದು. ನೀವಿರೋ ಮನಿ ನಂದು."

"ಇಷ್ಟು ಬಿಸಲಾಗ ಮಾಳಗಿ ಮ್ಯಾಲೆ ಕುಂತ್ರ ಹಿಂಗಾ ಆಗೂದು," ಎಂದಳು ಅವ್ವ. "ಮೊದಲು ನೀರು ಕುಡೀರಿ."

ಅವರು ನೀರು ಕುಡಿಯಲಿಲ್ಲ. ನಡೆದದ್ದನ್ನು ಬಿಡಿಸಿ ಹೇಳಿದರು. ಅಣ್ಣತಮ್ಮಂದಿರು ಪಾಲಾದಾಗ ಅಣ್ಣ ಬೇವಿನ ಮರದ ಕೆಳಗೆ ಬಂದು "ಎಡಗಡಿ ಪಾಲು ನಂದು" ಎಂದಿದ್ದ. ಮನೆ ಉತ್ತರದ ಮುಖದ್ದು. ಬಾಗಿಲಲ್ಲಿ ನಿಂತು ಬೀದಿಯ ಕಡೆಗೆ ನೋಡುವವನಿಗೆ ಎಡಗಡೆ ಪಶ್ಚಿಮ. ಅಣ್ಣ ಹೇಳಿದ್ದು ಅದನ್ನು. ಅವನು ಇದ್ದದ್ದೂ, ನಮ್ಮ ಅಪ್ಪನಿಗೆ ಮಾರಿದ್ದೂ ಪಶ್ಚಿಮದ ಪಾಲನ್ನೇ. ರೈಟ್ರು ಮಾತ್ರ ಬೀದಿಯಲ್ಲಿ ನಿಂತು ಮನೆಯನ್ನು ನೋಡುವವನ ಎಡಗಡೆ ಎಂದು ತಿಳಿದುಕೊಂಡು ಅಣ್ಣನಿಗೆ ಪೂರ್ವ, ತಮ್ಮನಿಗೆ ಪಶ್ಚಿಮ ಎಂದು ಬರೆದರು. ಆಮೇಲೆ ಅಪ್ಪನ ಪತ್ರಕ್ಕೆ ಅದನ್ನೇ ನಕಲು ಮಾಡಿದರು. ತಮ್ಮ ಸ್ವಂತ ಪತ್ರಕ್ಕೂ ಅದನ್ನೇ ನಕಲು ಮಾಡಿದರು. ಎಲ್ಲರೂ ಮನೆಯನ್ನು ನೋಡಿ ಕೊಂಡರು. ಕಾಗದದ ಎಲ್ಲೆಯನ್ನು ಯಾರೂ ಓದಲಿಲ್ಲ.

ಸ್ವಂತ ಮನೆ ಇದ್ದವನು ಎಡ ಬಲ ಹೇಳುವುದು ತನ್ನ ಹೊಸ್ತಿಲ ಮೇಲೆ ನಿಂತು. ರೈಟ್ರಿಗೆ ಆ ಕಾಲಕ್ಕೆ ಸ್ವಂತ ಹೊಸ್ತಿಲೇ ಇರಲಿಲ್ಲ. ಅವರು ಊರಿನ ಮನೆಗಳನ್ನೆಲ್ಲ ಬೀದಿಯಲ್ಲಿ ನಿಂತೇ ನೋಡಿದವರು.

"ಈಗೇನು ಮಾಡಬೇಕಂತೀರಿ?" ಎಂದೆ ನಾನು.

"ನಾ ಏನೂ ಅನ್ನಂಗಿಲ್ಲಪಾ. ತಪ್ಪು ಮಾಡಿದವ ನಾನು. ಯಾವ ಪಾಲು ಬೇಕು ಅಮ್ಮ ಹೇಳಲಿ. ಈಗಿದ್ದದ್ದೇ ಇರಲಿ ಅಂದ್ರ ತಿದ್ದುಪಡಿ ಪತ್ರ ಮಾಡಿಸೋಣು. ಕಾಗದದಾಗ ಇದ್ದಂಗ ಬೇಕು ಅಂದ್ರ..." ಎಂದವರು ನಮ್ಮ ಮಾಳಿಗೆಯ ಜಂತಿಗಳನ್ನು ಒಂದು ಸಲ ನೋಡಿದರು. "ನಾ ಈ ಕಡಿ ಬಂದು ಮತ್ತ ಮೊದಲಿಂದ ಶುರು ಮಾಡ್ತೀನಿ. ಇದು ಅಷ್ಟೇನು ಕೆಟ್ಟಿಲ್ಲ. ಎರಡು ವರ್ಷ ಹಿಡಿಯಂಗಿಲ್ಲ."

"ಸೋಮವಾರ ನಿಮ್ಮ ಮನಿಯವರು ಬರ್ತಾರಲ್ಲ?"

"ಬರಬ್ಯಾಡ ಅಂತ ಹೇಳಿ ಕಳಸಬೇಕಾಗತೈತಿ," ಎಂದರು. ಇದನ್ನು ಹೇಳುವಾಗ ಮಾತ್ರ ತಲೆ ಎತ್ತಲಿಲ್ಲ.

ಅವರು ಹೋದ ಮೇಲೆ ಮಾವನಿಗೆ ಪ್ರಾಯ ಬಂದಂತಾಯಿತು.

"ಅಕ್ಕಾ, ಎದ್ದು ಗಂಟು ಕಟ್ಟು. ಹೊಸಾ ತೊಲಿ, ಹೊಸಾ ಮಾಳಗಿ, ಸುಣ್ಣ ಸೈತ ಹೊಡದು ಕೊಟ್ಟಾನ. ಕೋರ್ಟಿನಾಗ ಇಪ್ಪತ್ತು ವರ್ಷ ಅಡ್ಡಾಡೀನಿ, ಎದುರು ಪಾರ್ಟಿ ತಾನಾ ಬಂದು ಹಿಂಗ ಕೊಟ್ಟದ್ದು ನೋಡಿಲ್ಲ."

"ಆ ಮನುಷ್ಯಾ ಎರಡು ವರ್ಷ ಮಣ್ಣು ತುಳದಾನಲೋ."

"ತುಳಿ ಅಂತ ನಾವು ಹೇಳಿದ್ವೇನು?"

ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದು ಬರೆದರೆ ದೊಡ್ಡಸ್ತಿಕೆಯಂತೆ ಕಾಣುತ್ತದೆ. ನಿಜ ಹೇಳಬೇಕೆಂದರೆ ನಾನು ಮನಸ್ಸಿನಲ್ಲೇ ಅವ್ವನ ಹಾಸಿಗೆಯನ್ನು ಪಕ್ಕದ ಮನೆಯ ಪಡಸಾಲೆಯಲ್ಲಿ ಹಾಸಿ ನೋಡುತ್ತಿದ್ದೆ. ಬಹಳ ಚೆನ್ನಾಗಿ ಹಿಡಿಸುತ್ತಿತ್ತು. ಹದಿನೈದು ದಿನ ಮಣ್ಣು ಹೊರಲು ನಾಚಿದವನಿಗೆ, ಇನ್ನೊಬ್ಬರು ಎರಡು ವರ್ಷ ಹೊತ್ತ ಮಣ್ಣನ್ನು ಕೂತಲ್ಲೇ ಪಡೆಯಲು ನಾಚಿಕೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ, "ನೋಡದಾ ಏನು ಹೇಳ್ಲಿ, ನಡೀರಿ" ಎಂದು ಪಕ್ಕದ ಮನೆಗೆ ಹೊರಟಳು. ಮಾವನೂ ನಾನೂ ಹಿಂದೆ. ರೈಟ್ರು ಬಾಗಿಲು ತೆರೆದು ಒಂದು ಪಕ್ಕಕ್ಕೆ ನಿಂತರು, ತಮ್ಮದಲ್ಲದ ಮನೆಯಲ್ಲಿ ನಿಲ್ಲುವಂತೆ. ಅವ್ವ ಪಡಸಾಲೆ ನೋಡಿದಳು. ತೊಲೆ ನೋಡಿದಳು. ಗೋಡೆ ತಟ್ಟಿದಳು. ಅಡಿಗೆಮನೆಗೆ ಹೋದಳು.

ನಮ್ಮ ಅವ್ವ ಎತ್ತರದ ಹೆಂಗಸು. ಬೀದಿಯ ನಳದ ಹತ್ತಿರ ಜಗಳವಾದರೆ ಅವಳ ತಲೆಯೊಂದೇ ಮೇಲೆ ಕಾಣುತ್ತಿತ್ತು. ಆ ಅಡಿಗೆಮನೆಯ ಗೋಡೆಯಲ್ಲಿ ರೈಟ್ರು ಉಪ್ಪಿಗೆ, ಎಣ್ಣೆಗೆ, ದೀಪಕ್ಕೆ ಎಂದು ಸಾಲಾಗಿ ಗೂಡುಗಳನ್ನು ಕೊರೆದಿದ್ದರು. ಎಲ್ಲವೂ ತಗ್ಗಿನಲ್ಲಿ. ಅವ್ವ ಒಂದಕ್ಕೆ ಕೈ ಹಾಕಲು ಹೋಗಿ ಬಗ್ಗಿದಳು. ಇನ್ನೊಂದಕ್ಕೂ ಬಗ್ಗಿದಳು. ಗಡಿಗೆಯ ನೆಲುವು ಅವಳ ಮೂಗಿಗೆ ತಾಗಿತು.

"ಇವೆಲ್ಲಾ ಯಾಕ್ರೀ ಇಷ್ಟು ಕೆಳಗ?"

"ನಮ್ಮಾಕಿ ಗಿಡ್ಡ ಅದಾಳ್ರಿ," ಎಂದರು ರೈಟ್ರು ತಪ್ಪೊಪ್ಪಿಕೊಳ್ಳುವವರಂತೆ. "ಬಾಡಿಗಿ ಮನಿಯಾಗ ಎಲ್ಲಾ ಎತ್ತರ. ಕಾಲಕೆಳಗ ಮಣಿ ಹಾಕ್ಕೊಂಡು ಹತ್ತತಿದ್ಲು. ಆಕಿ ನನ್ನ ಕೋಟಿನ ಎರಡನೇ ಗುಂಡಿಗಿ ಬರ್ತಾಳ. ಗೋಡಿ ಮುಂದ ನಿಂತು ಗುಂಡಿ ನೋಡಿ ಗುರ್ತು ಹಾಕ್ಕೊಂಡೆ."

ಕೋಟನ್ನು ಕೆಸರಿನಲ್ಲೂ ಬಿಚ್ಚದಿದ್ದುದರ ಗುಟ್ಟು ನನಗೆ ಆಗ ತಿಳಿಯಿತು. ಅವ್ವ ಆ ಗುಂಡಿಯನ್ನು ನೋಡಿದಳು, ಗೂಡನ್ನು ನೋಡಿದಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಬೀದಿಗೆಲ್ಲ ಕೇಳುವಂತೆ ತಕರಾರು ಸುರುಮಾಡಿದಳು.

"ಇದೇನು ಮನೀನೋ ಗುಬ್ಬಿ ಗೂಡೋ? ಇಲ್ಲಿ ದಿನಾ ಬಗ್ಗಿ ಬಗ್ಗಿ ನನ್ನ ನಡ ಮುರೀಬೇಕೇನು ಈ ವಯಸ್ನಾಗ? ನನಗ ಬ್ಯಾಡವ್ವ ಇದು. ನಮ್ಮದು ನಮಗಿರಲಿ."

"ಅಕ್ಕಾ, ಗೂಡು ಮುಚ್ಚಿ ಬ್ಯಾರೆ ಕೊರಸಬಹುದು..." ಎಂದ ಮಾವ.

"ನೀ ಸುಮ್ಕಿರಲೇ. ಗೂಡು ಕೊರಸತಾನಂತ. ನಿನ್ನ ಕಾಲುವಿ ನೀರು ಹತ್ತಿತೇನು ಮೊದಲು ನೋಡಿಕೋ." ಮತ್ತೆ ರೈಟ್ರ ಕಡೆಗೆ ತಿರುಗಿ, "ಅದೇನು ತಿದ್ದುಪಡಿ ಅಂದ್ರಲ್ಲ, ಇವತ್ತಾ ಮಾಡಸ್ರಿ. ಸೋಮವಾರ ಭಾಳ ದೂರ ಇಲ್ಲ. ನಮ್ಮ ಮಾಳಗಿಗಿ ಬರೋ ಬ್ಯಾಸಗಿಗಿ ಚೌಳು ಎಳದು ಕೊಡ್ರಿ. ಈ ಸಾಹೇಬ ಮಣ್ಣು ಹೊರ್ತಾನ" ಎಂದು ನನ್ನನ್ನು ತೋರಿಸಿದಳು. ಈ ಸಾಹೇಬ ಹೊತ್ತ. ಆ ವಿಷಯ ಇಲ್ಲಿ ಬೇಡ.

ತಿದ್ದುಪಡಿ ಪತ್ರವನ್ನು ರೈಟ್ರು ತಾವು ಬರೆಯಲು ಒಪ್ಪಲಿಲ್ಲ. ತನ್ನ ಲಾಭದ ಕಾಗದವನ್ನು ತಾನೇ ಬರೆದದ್ದರ ಫಲ ಒಂದು ಸಲ ಕಂಡದ್ದು ಸಾಕು ಎಂದರು. ಅದೇ ಬೇವಿನ ಮರದ ಇನ್ನೊಂದು ಬುಡದಲ್ಲಿ ಕೂಡುತ್ತಿದ್ದ ಅವರ ಎದುರಾಳಿಯೊಬ್ಬ, ಇಪ್ಪತ್ತು ವರ್ಷ ಇವರ ಅಕ್ಷರದ ಮೇಲೆ ಹೊಟ್ಟೆಕಿಚ್ಚು ಪಟ್ಟವನು, ಬರೆದುಕೊಟ್ಟ. ಬರೆಯುವ ಮೊದಲು ನಮ್ಮ ಬೀದಿಗೆ ತಾನೇ ಬಂದು, ಎರಡೂ ಹೊಸ್ತಿಲ ಮೇಲೆ ನಿಂತು, ಸೂರ್ಯನನ್ನು ನೋಡಿ ದಿಕ್ಕು ಖಾತ್ರಿ ಮಾಡಿಕೊಂಡು ಹೋದ. ಆ ಸುಖವನ್ನು ಅವನಿಂದ ಯಾರೂ ಕಸಿದುಕೊಳ್ಳುವಂತಿರಲಿಲ್ಲ. ಅವ್ವ ಹೆಬ್ಬೆಟ್ಟು ಒತ್ತಿದಳು. ರೈಟ್ರು ಲೇಖನಿ ತೆಗೆದುಕೊಂಡು, ಮೂವತ್ತು ವರ್ಷದ ರೂಢಿಯಂತೆ ಕಾಗದದ ಕಟ್ಟಕಡೆಗೆ, ಬರೆದವರ ಜಾಗದಲ್ಲಿ ರುಜು ಹಾಕಲು ಹೋದರು. ಎದುರಾಳಿ ಮೆಲ್ಲಗೆ ಅವರ ಕೈ ಹಿಡಿದ.

"ಅಲ್ಲಲ್ರಿ. ಮ್ಯಾಲೆ ಹಾಕ್ರಿ. ಇವತ್ತು ನೀವು ಮನಿ ಮಾಲಕರು."

ಸೋಮವಾರ ಮಧ್ಯಾಹ್ನ ಕುರುಗೋಡಿನ ಬಸ್ಸಿಗೆ ಆಕೆ ಬಂದರು. ರೈಟ್ರ ಎರಡನೆಯ ಗುಂಡಿಗೆ ಸರಿಯಾಗಿ ಬರುವ, ಮುಖದ ಮೇಲೆ ನಗುವೂ ಸಿಟ್ಟೂ ಇಲ್ಲದ ಹೆಂಗಸು. ಹಮಾಲಿ ತಲೆಯ ಮೇಲಿನ ಟ್ರಂಕನ್ನು ಒಳಗೆ ಒಯ್ಯಲು ಹೋದ. "ಅಲ್ಲೇ ಹೊರಗ ಇಳಸಪ್ಪ" ಎಂದು ನಿಲ್ಲಿಸಿದರು. ಹೊಸ್ತಿಲಿಗೆ ನಮಸ್ಕಾರ ಮಾಡಿ ಒಳಗೆ ಹೋಗಿ ಎಲ್ಲವನ್ನೂ ಒಂದು ಸುತ್ತು ನೋಡಿ ಬಂದರು. ರೈಟ್ರು ಪರೀಕ್ಷೆಗೆ ಬಂದ ವಿದ್ಯಾರ್ಥಿಯಂತೆ ಕೈಕಟ್ಟಿ ನಿಂತಿದ್ದರು. ಅವ್ವನೂ ನಾನೂ ಬಾಗಿಲಲ್ಲಿ.

ಆಕೆ ಮಾಳಿಗೆಯ ಕಡೆಗೆ ನೋಡಿದರು.

"ಮ್ಯಾಲೆ ಹೋಗ್ರಿ. ನೀರು ಸುರೀರಿ."

"ಮಳಿ ಬಂದಾಗ ಗೊತ್ತಾಗೇ ಆಗತೈತಿ..." ಎಂದರು ರೈಟ್ರು ಸಣ್ಣ ದನಿಯಲ್ಲಿ.

"ಮಳಿ ಬಂದಾಗ ಗೊತ್ತಾಗೂದು ಒಂಬತ್ತು ಸಲ ಆಗೇತಿ."

ಬೇಸಿಗೆ. ಕುಡಿಯುವ ನೀರಿಗೇ ಬೀದಿಯ ನಳದಲ್ಲಿ ಜಗಳ. ಅವ್ವ ಒಳಗೆ ಹೋಗಿ ನಮ್ಮ ಎರಡು ದಿನದ ನೀರಿನ ಕೊಡಗಳನ್ನೆಲ್ಲ ಹೊರಗೆ ತಂದಿಟ್ಟಳು. ನಾನು ಏಣಿಯ ನಡುವೆ ನಿಂತು ಕೊಡ ಎತ್ತಿ ಕೊಟ್ಟೆ, ರೈಟ್ರು ಮೇಲೆ ನಿಂತು ಸುರಿದರು. ಕೆಳಗೆ ಆಕೆ ಪಡಸಾಲೆಯ ನಡುವೆ, ಹಾಸಿಗೆ ಹಾಸಬೇಕಾದ ಜಾಗದಲ್ಲಿ ಕೂತು, ಮುಖ ಮೇಲೆ ಮಾಡಿ, ಜಂತಿಗಳನ್ನು ನೋಡುತ್ತಿದ್ದರು. ಬೆಳಕಿಂಡಿಯಿಂದ ಅವರ ದನಿ ಮೇಲಕ್ಕೆ ಬರುತ್ತಿತ್ತು.

"ಇನ್ನೊಂದು."

ನಾಲ್ಕನೆಯ ಕೊಡವನ್ನು ರೈಟ್ರು ಅರ್ಧ ಸುರಿದು ಕೆಳಗಿಟ್ಟು, ಮತ್ತೆ ಎತ್ತಿದರು. ಭಾರಕ್ಕಿರಲಾರದು, ಎರಡು ವರ್ಷ ಅದಕ್ಕಿಂತ ಭಾರ ಹೊತ್ತಿದ್ದರು.

"ಮೂಲಿಗಿ ಹಾಕ್ರಿ. ನಡುಗೋಡಿ ಹತ್ರ."

ಅಲ್ಲಿಗೂ ಸುರಿದರು. ನೀರು ಚೌಳು ಮಣ್ಣಿನ ಮೇಲೆ ಹರಿದು, ಮಾಳಿಗೆಯಂಚಿನ ನೀರುದೋಣಿಯಿಂದ ಬೀದಿಗೆ ಧುಮುಕಿತು. ನಮ್ಮ ಕೊಡಗಳು ಮುಗಿದವು. ಎಣ್ಣೆಗಾಣದವರು ಎರಡು ಕೊಡ ತಂದರು. ಅವೂ ಮುಗಿದವು. ಕೆಳಗಿನಿಂದ ಸದ್ದಿಲ್ಲ. ರೈಟ್ರು ಬೆಳಕಿಂಡಿಯ ಪಕ್ಕದಲ್ಲಿ ಮಂಡಿಯೂರಿ ಕೂತು ಕಿವಿಗೊಟ್ಟರು. ಇಣುಕಿ ನೋಡುವ ಧೈರ್ಯ ಅವರಿಗಿರಲಿಲ್ಲ.

ಬಹಳ ಹೊತ್ತಾದ ಮೇಲೆ ಆಕೆಯ ದನಿ ಬಂತು.

"ಸಾಕ್ರಿ, ಇಳೀರಿ. ಟ್ರಂಕು ಒಳಗ ತರ್ರಿ."

ರೈಟ್ರು ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟರು. ಕೊಟ್ಟವರು ಕೂಡಲೇ ಇಳಿಯಲಿಲ್ಲ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಕೆಳಗೆ ಹಮಾಲಿ ಟ್ರಂಕಿಗೆ ಕೈ ಹಾಕಿದ್ದನ್ನು ಕಂಡವರೇ "ಏಯ್, ಬಿಡು, ಮುಟ್ಟಬ್ಯಾಡ!" ಎಂದು ಕೂಗಿ, ನನ್ನನ್ನೂ ಕೊಡವನ್ನೂ ಒಟ್ಟಿಗೆ ತಳ್ಳಿಕೊಂಡು ಏಣಿ ಇಳಿದು ಓಡಿದರು.